ಕೆಂಪು ಚುಕ್ಕೆಯವರೆಗೆ

"ನೋಡ್ಕೊಂಡು ಹೋಗ್ರೋ, ಅಮ್ಮನ ಮೇಲೆ ಬಿದ್ದೀತು" ಎಂದು ಮಗ ಕೂಗುತ್ತಿದ್ದ. ಆಳೆತ್ತರದ ಸ್ಪೀಕರ್ ಪೆಟ್ಟಿಗೆಯನ್ನು ಹೊತ್ತ ಇಬ್ಬರು ಹೆಣದ ಕಾಲುಗಳನ್ನು ದಾಟುತ್ತಿದ್ದರು. ಒಬ್ಬನ ಚಪ್ಪಲಿ ಬಿಳಿ ಹೊದಿಕೆಯ ಅಂಚನ್ನು ತುಳಿಯಿತು. ಅವನು ಬಗ್ಗಿ ನೋಡಿ, ಬಟ್ಟೆಗೆ ಹತ್ತಿದ ಕೆಸರನ್ನು ಕಾಲಿನಿಂದಲೇ ಒರೆಸಿ ಮುಂದೆ ಹೋದ. ಗೋಡೆಗೊರಗಿ ನಿಂತಿದ್ದ ಮಗಳು ಅದನ್ನು ಕಂಡಳು.

ಮಗನದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಮದುವೆಯಾಗಲಿ, ಚುನಾವಣೆಯಾಗಲಿ, ಕಿಟಕಿ ಗಾಜು ನಡುಗದಿದ್ದರೆ ತನ್ನ ಕೆಲಸ ಕೆಟ್ಟಿತು ಎಂದೇ ಅವನ ಲೆಕ್ಕ. ಈವತ್ತು ಹೆತ್ತ ತಾಯಿಯ ಸರದಿ.

ಮೊದಲು ಮೈಕ್ ಹಿಡಿದವರು ಬೀದಿಯ ಸಂಘದ ಅಧ್ಯಕ್ಷರು. ಬದುಕಿದ್ದಾಗ ಆಕೆಯನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಮನುಷ್ಯ ಈಗ ಗಂಟಲು ಹರಿದುಕೊಂಡು ಹೊಗಳಿದರು. ಒಂದು ಮಾತಾದರೂ ತಿಳಿದರೆ ಕೇಳಿ. ಗೋಡೆಗೆ ಬಡಿದು ವಾಪಸು ಬಂದ ಸದ್ದು ಹೊಸ ಸದ್ದಿನ ಮೇಲೆ ಬಿದ್ದು ಎಲ್ಲವೂ ಕಲಸಿದ ಗಾರೆಯಾಗಿತ್ತು. ಜನ ತಲೆದೂಗುತ್ತ ಟೀ ಹೀರುತ್ತಿದ್ದರು.

ಮೂಲೆಯ ಕುರ್ಚಿಯಲ್ಲಿ ಮುದುಕ, ಸತ್ತವಳ ಗಂಡ. ಗಿರಣಿಯ ಮಗ್ಗಗಳ ನಡುವೆ ಆಯಸ್ಸು ಕಳೆದು ಕಿವಿ ಕೆಡಿಸಿಕೊಂಡವನು. ಬಂದವರೆಲ್ಲ ಅವನ ಕಿವಿಗೆ ಬಾಯಿಟ್ಟು ಅರಚುತ್ತಿದ್ದರು.

"ಧೈರ್ಯ ತಂದ್ಕೋ ಭಾವ, ಧೈರ್ಯ" ಎಂದು ಸತ್ತವಳ ತಮ್ಮ ಬಿಸ್ಕತ್ತು ತುಂಬಿದ ಬಾಯಲ್ಲೇ ಕೂಗಿದ. ಮುದುಕ "ಹೂಂ" ಎಂದು, ಕಿವಿಯ ಮೇಲೆ ಬಿದ್ದ ಹಿಟ್ಟನ್ನೂ ಎಂಜಲನ್ನೂ ಕರವಸ್ತ್ರದಿಂದ ಒರೆಸಿಕೊಂಡ. ಬೆಳಗಿನಿಂದ ಎಲ್ಲರಿಗೂ ಅದೇ "ಹೂಂ".

ಮಗಳು ಅವನೆದುರು ಸ್ಟೂಲು ಎಳೆದುಕೊಂಡು ಕೂತಳು. ಅವನು ಅವಳ ಕೈ ಹಿಡಿದುಕೊಂಡ.

"ಅವಳ ದನಿ ಒಂದ್ಸಲ ಕೇಳ್ಬೇಕು ಕಣಮ್ಮ. ಪದ ಓದಿದ ಕ್ಯಾಸೆಟ್ ಇದೆಯಲ್ಲ, ಅದು. ಗಾಡಿ ಬರೋದ್ರೊಳಗೆ. ಅವಳು ಹೋದ್ಮೇಲೆ ಕೇಳೋ ಶಕ್ತಿ ನಂಗಿಲ್ಲ."

ಅವಳು ಹೋಗಿ ಅಣ್ಣನಿಗೆ ಹೇಳಿದಳು. ಅವನ ಮುಖ ಅರಳಿತು.

"ಅಷ್ಟೇ ತಾನೆ? ಅಪ್ಪಂಗೇನು, ಇಡೀ ಬೀದಿಗೇ ಕೇಳ್ಸೋ ಹಾಗೆ ಹಾಕ್ತೀನಿ ಬಿಡು."

*

ಆಕೆಯದು ಪದ ಓದುವ ಕೆಲಸ. ಕಿವಿ ಪರೀಕ್ಷೆಯ ಆಸ್ಪತ್ರೆಯಲ್ಲಿ ಗಾಜಿನ ಈಚೆ ಕೂತು, ಏರಿಳಿತವಿಲ್ಲದೆ ಒಂದೊಂದೇ ಪದ ಹೇಳುವುದು. ಗಾಜಿನ ಆಚೆ ಕೂತವರು ತಿಳಿದಷ್ಟನ್ನು ತಿರುಗಿ ಹೇಳಬೇಕು. ಎಷ್ಟು ಜೋರಿನಲ್ಲಿ ಎಷ್ಟು ಪದ ಸರಿಹೋಯಿತು ಎಂಬುದೇ ಅಳತೆ. ಆಸ್ಪತ್ರೆಯಲ್ಲಿ ಎಲ್ಲರಿಗೂ ಆಕೆ ಪದದಮ್ಮ. ಸರಿಯೋ ತಪ್ಪೋ ರೋಗಿಗೆ ಹೇಳುವಂತಿಲ್ಲ. ಸ್ವಲ್ಪ ಕಾದು ಮುಂದಿನ ಪದಕ್ಕೆ ಹೋಗಬೇಕು.

ಗಂಡನ ಕಿವಿ ಮಂದವಾದಾಗ ಆಕೆಯೇ ಅವನನ್ನು ಗಾಜಿನ ಆಚೆ ಕೂರಿಸಿದಳು. ಸದ್ದು ಏರಿಸಿದಂತೆ ಸರಿಯುತ್ತರಗಳೂ ಏರಿದವು. ಇನ್ನಷ್ಟು ಏರಿಸಿದಾಗ ತಟ್ಟನೆ ಇಳಿದುಬಿಟ್ಟವು. ಕೊನೆಗೆ ಅವನು ಕಿವಿಗೆ ಹಾಕಿದ್ದ ಹೆಡ್‌ಫೋನು ಕಿತ್ತು, "ಯಾಕೆ ಬೈತಾ ಇದೀಯ?" ಎಂದು ಕೇಳಿದ.

ಅಂದು ಸಂಜೆ ಆಕೆ ಮನೆಯ ಟೇಪ್‌ರೆಕಾರ್ಡರಿನಲ್ಲಿ ತಾನು ಪದ ಓದಿದ ಕ್ಯಾಸೆಟ್ ಹಾಕಿ, ಅವನನ್ನು ಎದುರು ಕೂರಿಸಿಕೊಂಡು ಸದ್ದಿನ ಗುಂಡಿಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದಳು. ಅವನು ಹೆಚ್ಚು ಪದ ಹಿಡಿದ ಜಾಗಕ್ಕೆ ಉಗುರುಬಣ್ಣದಿಂದ ಕೆಂಪು ಚುಕ್ಕೆ ಇಟ್ಟಳು.

"ಇನ್ನೂ ಜೋರು ಮಾಡಮ್ಮ, ಅಪ್ಪಂಗೆ ಕೇಳ್ಸುತ್ತೆ" ಎಂದ, ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಮಗ.

"ಕೇಳ್ಸೋದು ಬೇರೆ, ತಿಳಿಯೋದು ಬೇರೆ ಕಣೋ. ಚುಕ್ಕೆ ದಾಟಿದ್ರೆ ಅವರಿಗೆ ಬರೀ ನೋವು."

ಆಮೇಲೆ ಆಕೆ ಗಂಡನೊಡನೆ ಆಡಿದ್ದೆಲ್ಲ ಚುಕ್ಕೆಯ ಮಟ್ಟದಲ್ಲೇ, ಎದುರು ಕೂತು. ಜಗಳವನ್ನೂ ಅದೇ ಮಟ್ಟದಲ್ಲಿ ಆಡುತ್ತಿದ್ದಳು. ಅಂಥ ಜಗಳದಲ್ಲಿ ಗೆಲ್ಲುವುದು ಅವನಿಗೆ ಎಂದೂ ಆಗಲಿಲ್ಲ.

*

ಹಳೆಯ ಟೇಪ್‌ರೆಕಾರ್ಡರಿನಿಂದ ತಂತಿ ಎಳೆದು ಮಗ ತನ್ನ ದೊಡ್ಡ ಪೆಟ್ಟಿಗೆಗಳಿಗೆ ಸೇರಿಸಿದ. "ನಮ್ಮ ತಾಯಿಯವರ ಅಮರ ಧ್ವನಿ" ಎಂದು ಘೋಷಿಸಿದ. ಆಮೇಲೆ ಬಂದದ್ದು ದನಿಯಲ್ಲ. ಮನೆ ಎಂಬ ಪದ ತಗಡು ಹರಿದಂತೆ ಬೀದಿಯಲ್ಲಿ ಬಿತ್ತು. ಹಾಲು, ಅದೂ ಹಾಗೇ. ಸೋದರಮಾವ ಬಿಸ್ಕತ್ತು ನುಂಗಿ, "ಅಕ್ಕನೇ ಎದ್ದು ಕೂತ ಹಾಗಿದೆ" ಎಂದು ಕಣ್ಣೊರೆಸಿಕೊಂಡ. ಮಗಳಿಗೆ ಅವನ ಮೇಲೆ, ಅಧ್ಯಕ್ಷರ ಮೇಲೆ, ಟೀ ಲೋಟಗಳ ಮೇಲೆ, ಒಟ್ಟು ಮನುಷ್ಯರ ಬಾಯಿಯ ಮೇಲೇ ಹೇಸಿಗೆ ಹುಟ್ಟಿತು.

ಮುದುಕ ಎರಡೂ ಕಿವಿ ಮುಚ್ಚಿಕೊಂಡಿದ್ದ.

"ಏನಿದು ಗಲಾಟೆ?" ಎಂದು ಮಗಳನ್ನು ಕೇಳಿದ. "ಅವಳದ್ದು ಯಾವಾಗ ಹಾಕ್ತೀರಿ?"

ಹೊರಗೆ ಹೆಣ ಒಯ್ಯುವ ಗಾಡಿ ಬಂದು ನಿಂತಿತು. ಡ್ರೈವರು ಬಾಗಿಲಲ್ಲಿ ಇಣುಕಿದ.

ಮಗಳು ನೇರ ಹೋಗಿ ತಂತಿ ಕಿತ್ತಳು. ಪೆಟ್ಟಿಗೆಗಳು ಗುರ್ರೆಂದು ಸುಮ್ಮನಾದವು.

"ಏ, ಎಲ್ಲರ ಮುಂದೆ ಮರ್ಯಾದೆ ತೆಗೀತೀಯಾ?" ಎಂದು ಅಣ್ಣ ಅವಳ ರಟ್ಟೆ ಹಿಡಿದ.

"ಕೈ ಬಿಡು. ಅಮ್ಮನ ಹೊದಿಕೆ ಮೇಲೆ ನಿನ್ನ ಆಳಿನ ಚಪ್ಪಲಿ ಗುರುತಿದೆ, ಮೊದಲು ಅದನ್ನ ಒರೆಸು."

ಅವನು ಅತ್ತ ನೋಡಿದ. ಕೈ ಸಡಿಲಾಯಿತು.

ಅವಳು ಟೇಪ್‌ರೆಕಾರ್ಡರನ್ನು ತಂದೆಯೆದುರು ಸ್ಟೂಲಿನ ಮೇಲಿಟ್ಟಳು. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಗುಂಡಿಯನ್ನು ಕೆಂಪು ಚುಕ್ಕೆಗೆ ತಂದು ನಿಲ್ಲಿಸಿದಳು. ಚುಕ್ಕೆ ಅರ್ಧ ಸವೆದಿತ್ತು. ಮುದುಕ ಅದನ್ನು ಕಂಡು ಕಿವಿಯಿಂದ ಕೈ ತೆಗೆದ.

"ಮನೆ" ಎಂದಿತು ಆಕೆಯ ದನಿ.

"ಮನೆ" ಎಂದ ಮುದುಕ.

"ಹಾಲು."

"ಹಾಲು."

"ಏನೂ ಕೇಳ್ತಿಲ್ಲಪ್ಪ" ಎಂದರು ಅಧ್ಯಕ್ಷರು ಹಿಂದಿನಿಂದ. ಯಾರೂ ಅವರತ್ತ ತಿರುಗಲಿಲ್ಲ.

"ಸೂಜಿ." "ಸೂಜಿ." "ಗೋಡೆ." "ಗೋಡೆ." ಮಗ ಮೊಣಕಾಲೂರಿ ಒದ್ದೆ ಬಟ್ಟೆಯಿಂದ ಹೊದಿಕೆಯ ಅಂಚು ಉಜ್ಜುತ್ತಿದ್ದ. ಕೆಸರು ಇನ್ನಷ್ಟು ಹರಡುತ್ತಿತ್ತು. ಡ್ರೈವರು ಟೋಪಿ ತೆಗೆದು ಬಾಗಿಲಲ್ಲೇ ನಿಂತ.

"ದಾರ" ಎಂದಿತು ದನಿ.

"ದಾರ" ಎಂದ ಮುದುಕ.

ಪದಗಳು ಮುಗಿದವು. ಕ್ಯಾಸೆಟ್ ಖಾಲಿ ತಿರುಗುತ್ತಿತ್ತು. ಅವನು ಅಂಗೈಯನ್ನು ಕಿವಿಯ ಹಿಂದಿಟ್ಟುಕೊಂಡು, ಹೆಂಡತಿಯ ಮುಖದತ್ತ ತುಸು ಬಾಗಿ, ಮುಂದಿನ ಪದಕ್ಕಾಗಿ ಕಾಯುತ್ತ ಕೂತ.