ಮಾಸಿದ ಕೆಂಪು ಗೆರೆ

ಒನೊದೆರಾನಿಗೆ ಇಪ್ಪತ್ತೆರಡು ವರ್ಷ. ಬಾಯಿ ತೆರೆದರೆ ಮಾತ್ರ ಎಂಬತ್ತೆರಡು.

“ಹ್ಮ್‌ಹ್,” ಎಂದು ಗಂಟಲು ಸರಿಮಾಡಿಕೊಂಡು ಅವನು ಸಾಲಿನ ಹಿಂದುಗಡೆಯಿಂದ ಶುರುಮಾಡಿದ. “ನಮ್ಮ ಕಾಲದಲ್ಲಿ ಒಂದನೇ ವರ್ಷದವರು ಇದೇ ಹಿಮದ ಮೇಲೆ ಹಾಡ್ಕೊಂಡು ಹತ್ತುತಿದ್ರು ಕಣ್ರೋ. ನೀವು ನೋಡಿದ್ರೆ ನಿಮ್ಮ ಹೆಣಕ್ಕೆ ನೀವೇ ಹೆಗಲು ಕೊಟ್ಟಂಗೆ ಬರ್ತಿದ್ದೀರ. ಎತ್ರೋ ಕಾಲು!”

“ಹಾಯ್!” ಎಂದು ನಾಲ್ಕು ಗಂಟಲುಗಳು ಒಟ್ಟಿಗೆ ಕೂಗಿದವು. ಜಪಾನಿನಲ್ಲಿ ಹಾಯ್ ಎಂದರೆ ಆಯಿತು, ಅಪ್ಪಣೆ, ಸರಿ ಎಂದರ್ಥ. ಯಾರೋ ಹಾಯಾಗಿದ್ದಾರೆ ಎಂದಲ್ಲ.

ಸಾಲಿನ ತಲೆಯಲ್ಲಿದ್ದ ತಮಾಕಿ ಕೂಗಲಿಲ್ಲ. ಬೂಟಿಗೆ ಕಟ್ಟಿದ ಉಕ್ಕಿನ ಹಲ್ಲುಗಳು ಹಿಮವನ್ನು ಕಚ್ಚುತ್ತಿದ್ದವು, ಅವಳು ತನ್ನ ಹಲ್ಲುಗಳನ್ನು ಕಚ್ಚಿಕೊಂಡಿದ್ದಳು. ಬೆಳಿಗ್ಗೆ ಡೇರೆಯ ಹೊರಗೆ ಎಲ್ಲರೂ ಬಾರ್ಲಿ ಚಹಾ ಕುಡಿಯುತ್ತಿದ್ದಾಗ ಒನೊದೆರಾ ತೊರೆಯಿಂದ ಒಂದು ಕಲ್ಲು ಆರಿಸಿ ತಂದು, ಅವಳ ಮೂಟೆಯ ಬಾಯಿ ಬಿಚ್ಚಿ, ಒಳಗಿಟ್ಟು, ಮೇಲೆ ತಟ್ಟಿದ್ದ. “ಹೆಣ್ಣಾಗಿದ್ದಕ್ಕೆ ಹಗುರ ಮೂಟೆ ಹೊತ್ಲು ಅಂತ ನಾಳೆ ಯಾರೂ ಅನ್ನಬಾರದಲ್ವಾ? ನಿನ್ನ ಒಳ್ಳೇದಕ್ಕೇ ಕಣೇ.” ಅವಳು ತಲೆ ಬಾಗಿಸಿ ಥ್ಯಾಂಕ್ಸ್ ಹೇಳಿದ್ದಳು. ಕಲ್ಲಿಗಿಂತ ಆ ಥ್ಯಾಂಕ್ಸೇ ಈಗ ಬೆನ್ನ ಮೇಲೆ ಭಾರವಾಗಿತ್ತು.

ಕಾಲೇಜಿನ ಬೆಟ್ಟದ ಕ್ಲಬ್ಬಿನಲ್ಲಿ ಲೀಡರ್ ಸಾಲಿನ ಕೊನೆಯಲ್ಲಿ ನಡೆಯುತ್ತಾನೆ, ಎರಡನೇ ಲೀಡರ್ ಮೊದಲಲ್ಲಿ. ಮೊದಲಲ್ಲಿ ನಡೆಯುವವರಿಗೆ ಮಾತ್ರ ಸಾಲನ್ನು ನಿಲ್ಲಿಸುವ ಹಕ್ಕಿದೆ. ಕ್ಲಬ್ಬು ಹುಟ್ಟಿದಾಗಿನಿಂದ ಆ ಜಾಗದಲ್ಲಿ ಹುಡುಗಿ ನಡೆದದ್ದಿಲ್ಲ. ತಮಾಕಿಗೆ ಇವತ್ತು ಅದರ ಪರೀಕ್ಷೆ. ನಾಲ್ಕೂ ಜನ ಒಂದನೇ ವರ್ಷದವರನ್ನು, ಅವರವರ ಮೂಟೆ ಅವರವರ ಬೆನ್ನ ಮೇಲೇ ಇರುವಂತೆ, ಓಗುರೊ ಬೆಟ್ಟದ ನೋಟದ ಬಂಡೆಗೆ ಹತ್ತಿಸಿ ವಾಪಸು ಡೇರೆಗೆ ಇಳಿಸಿದರೆ ಜಾಗ ಅವಳದ್ದು.

ಹೆಸರಿಗಾಗಿ ಅವಳು ಆ ಜಾಗ ಬಯಸಿರಲಿಲ್ಲ. ಹೋದ ಚಳಿಗಾಲ ಅವಳ ಜೊತೆಗಾತಿ ನೆಗಿಶಿ ಕಾಲು ಮರಗಟ್ಟಿದ್ದರೂ “ಪರವಾಗಿಲ್ಲ, ಪರವಾಗಿಲ್ಲ” ಎನ್ನುತ್ತಲೇ ನಡೆದಿದ್ದಳು. ಮುಂದಿದ್ದ ಸೀನಿಯರ್ ನಿಲ್ಲಿಸಲಿಲ್ಲ. ಹಿಂದಿದ್ದ ಒನೊದೆರಾ ನಿಲ್ಲಿಸು ಎನ್ನಲಿಲ್ಲ. ನಡುವೆ ನಡೆಯುತ್ತಿದ್ದ ತಮಾಕಿಗೆ ಬಾಯಿ ತೆರೆಯುವ ಹಕ್ಕಿರಲಿಲ್ಲ. ಆಸ್ಪತ್ರೆಯಲ್ಲಿ ಎರಡು ಕಾಲ್ಬೆರಳು ಕಳೆದುಕೊಂಡ ನೆಗಿಶಿ, ಎಲ್ಲರಿಗೂ ತೊಂದರೆ ಕೊಟ್ಟೆನೆಂದು ಕ್ಲಬ್ಬಿಗೆ ಒಂದು ಡಬ್ಬಿ ಸಿಹಿ ಕಳಿಸಿದ್ದಳು. ಕ್ಲಬ್ಬಿನವರು ಅದನ್ನು ಹಂಚಿಕೊಂಡು ತಿಂದಿದ್ದರು.

“ತಮಾಕಿ-ಸಾನ್,” ಅವಳ ಹಿಂದೆಯೇ ಬರುತ್ತಿದ್ದ ಯೂಗೆ, ದೊಡ್ಡವರಿಗೆ ಸೇರಿಸುವ ‘ಸಾನ್’ ಸೇರಿಸಿ ಪಿಸುಗುಟ್ಟಿದಳು. ಒಂದನೇ ವರ್ಷದವರಲ್ಲಿ ಇವಳೊಬ್ಬಳೇ ಹುಡುಗಿ, ಬಾಯಿ ಮಾತ್ರ ಇಬ್ಬರಿಗಾಗುವಷ್ಟು. “ತಲೆ ಮೇಲೆ ಜುಲೈ ಬಿಸಿಲು, ಕಾಲಡಿ ಜನವರಿ. ನಾನೀಗ ಬೆವರಬೇಕಾ, ನಡುಗಬೇಕಾ?”

“ಎರಡನ್ನೂ ಮಾಡು. ಮಾತೊಂದು ಬಿಡು.”

“ಮೊಗಾಮಿ ಆಗಲೇ ಎರಡನ್ನೂ ಮಾಡ್ತಿದಾನೆ. ಅಡುಗೆ ಪಾತ್ರೆ ಬೇರೆ ಅವನ ಬೆನ್ನ ಮೇಲೆ. ಅವನು ನಡುಗಿದ್ರೆ ಗಂಟೆ ಬಾರಿಸಿದಂಗೆ ಆಗ್ತಿದೆ.”

ಮೊಗಾಮಿ ಸಾಲಿನಲ್ಲೇ ದೊಡ್ಡ ಆಳು, ಸಾಲಿನಲ್ಲೇ ಸಣ್ಣ ದನಿ. “ಪರವಾಗಿಲ್ಲ,” ಎಂದ.

ಆ ಒಂದು ಮಾತಿಗೆ ತಮಾಕಿಯ ಮೈಯುರಿಯಿತು. “ಮೊಗಾಮಿ, ಇನ್ನೊಂದು ಸಲ ಪರವಾಗಿಲ್ಲ ಅಂದ್ರೆ ಪಾತ್ರೆ ಜೊತೆ ನಿನ್ನೂ ಬೇಯಿಸಿಬಿಡ್ತೀನಿ. ಕಾಲು ಹೆಂಗಿದೆ, ಅದು ಹೇಳು.”

“ಉರಿ,” ಎಂದ ಮೊಗಾಮಿ.

“ಹಾಂ. ಉರಿ ಅನ್ನು. ಹತ್ತು ನಿಮಿಷ ಕೂತ್ಕೊಳ್ಳಿ ಎಲ್ಲರೂ.”

ಹಿಂದಿನಿಂದ ಗಂಟಲು ಸರಿಯಾಯಿತು. “ಹ್ಮ್‌ಹ್. ಯಾರಪ್ಪಾ ಇಲ್ಲಿ ಪಿಕ್ನಿಕ್ ಇಟ್ಕೊಂಡಿರೋದು?” ಆದರೆ ಮುಂದೆ ನಡೆಯುವವರು ನಿಲ್ಲಿಸಿದರೆ ನಿಲ್ಲಬೇಕು. ಒನೊದೆರಾ ನಿಂತೇ ಇದ್ದ. ಉಳಿದವರು ಕೂತು ಉಪ್ಪು ಪ್ಲಮ್ಮಿನ ಅನ್ನದುಂಡೆ ಮುಗಿಸುವವರೆಗೂ ಕೈಗಡಿಯಾರವನ್ನು ಎಲ್ಲರಿಗೂ ಕಾಣುವಂತೆ ನೋಡುತ್ತಿದ್ದ.

ಮತ್ತೆ ಹೊರಟರು. ಆ ಕಣಿವೆಯ ಹಿಮ ಬೇಸಿಗೆಯಲ್ಲೂ ಪೂರ್ತಿ ಕರಗುವುದಿಲ್ಲ. ಹತ್ತುವವರು ದಾರಿ ತಪ್ಪದಿರಲೆಂದು ಮೇಲೆ ಬೆಟ್ಟ ಹತ್ತುವವರಿಗೆ ತಂಗಲು ಇರುವ ಗುಡಿಸಲಿನವರು ಹಿಮದ ಮೇಲೆ ಕೆಮ್ಮಣ್ಣಿನ ಪುಡಿ ಚೆಲ್ಲಿ ಉದ್ದಕ್ಕೂ ಗೆರೆ ಎಳೆದಿರುತ್ತಾರೆ. ಒಳಗೊಳಗೆ ಹಿಮ ಕರಗಿ ಟೊಳ್ಳಾದಂತೆ ಆ ಜಾಗ ಬಿಟ್ಟು ಹೊಸ ಗೆರೆ ಎಳೆಯುತ್ತಾರೆ. ಹಳೆಯದನ್ನು ಅಳಿಸಲು ಬರುವುದಿಲ್ಲ, ಅದು ತಾನಾಗಿಯೇ ಮಾಸಬೇಕು.

ಮಂಜು ಇಳಿದದ್ದು ಆಗಲೇ. ನೋಡನೋಡುತ್ತಿದ್ದಂತೆ ಬೆಟ್ಟ ಹೋಯಿತು, ಆಕಾಶ ಹೋಯಿತು, ಮೊಗಾಮಿಯಂಥ ಮೊಗಾಮಿಯೇ ಹೋದ. ಉಳಿದದ್ದು ಕಾಲಡಿಯ ಕೆಂಪು ಒಂದೇ. ಅದನ್ನೇ ನೋಡುತ್ತ ಬಗ್ಗಿ ನಡೆದ ತಮಾಕಿ ಒಂದು ಕಡೆ ಥಟ್ಟನೆ ನಿಂತಳು. ಗೆರೆ ಎರಡಾಗಿತ್ತು. ಒಂದು ನೇರ ಮೇಲಕ್ಕೆ, ತೆಳು ಗುಲಾಬಿ ಬಣ್ಣಕ್ಕೆ ತಿರುಗಿದ್ದು. ಇನ್ನೊಂದು ಎಡಕ್ಕೆ ದೂರ ಬಳಸಿ ಹೋದದ್ದು, ಕಡು ಕೆಂಪು. ನೇರದ ಗೆರೆಯ ಕಡೆ ಹಿಮ ಕೊಂಚ ಜಗ್ಗಿ, ಹಳೆಯ ಹಾಸಿಗೆಯ ನಡುವಿನಂತೆ ಬೂದು ಬಣ್ಣವಾಗಿತ್ತು. ಎಲ್ಲೋ ಅಡಿಯಲ್ಲಿ ನೀರು ಹರಿಯುವ ಸದ್ದು.

ಒನೊದೆರಾ ಹಿಂದಿನಿಂದ ಎಲ್ಲರನ್ನೂ ದಾಟಿಕೊಂಡು ಮುಂದೆ ಬಂದ. “ಮತ್ತೆ ಯಾಕೆ ನಿಂತ್ರಿ?”

ಕ್ಲಬ್ಬಿನಲ್ಲಿ ಸೀನಿಯರಿಗೆ ನೀವು ಹೇಳುವುದು ತಪ್ಪು ಎನ್ನುವ ಹಾಗಿಲ್ಲ. ಪ್ರಶ್ನೆ ಕೇಳಬಹುದು, ಅಷ್ಟೆ. ತಮಾಕಿ ಕೇಳಿದಳು.

“ಒನೊದೆರಾ-ಸಾನ್, ಈ ನೇರದ ಗೆರೆ ಸ್ವಲ್ಪ ಮಾಸಿದಂಗೆ ಕಾಣ್ಸುತ್ತಾ ನಿಮಗೆ?”

“ಕಾಣ್ಸುತ್ತೆ. ಜನ ತುಳಿದು ತುಳಿದು ಮಾಸಿದೆ. ಜನ ತುಳಿದಿದ್ದೇ ದಾರಿ. ನಡಿ.”

“ಕೆಳಗೆ ನೀರಿನ ಸದ್ದು ಬರ್ತಿದೆ ಅನ್ನಿಸ್ತಿದೆ. ನನ್ನ ಕಿವಿದೇ ತಪ್ಪಿರಬಹುದಾ?”

“ಇರಬಹುದು. ಊರಿಗೆ ಹೋಗಿ ತೋರಿಸು.”

“ಗುಡಿಸಲಿನವರು ಸುಮ್‌ಸುಮ್ನೆ ಯಾಕೆ ಅಷ್ಟು ದೂರ ಸುತ್ತಿಸಿರ್ತಾರೆ? ನಿಮಗೇನನ್ಸುತ್ತೆ?”

“ಅದು ಟೂರಿಸ್ಟುಗಳಿಗೆ, ಮೊಣಕಾಲು ನೋವಿನ ಅಜ್ಜಿಯಂದಿರಿಗೆ. ಏನ್ರೋ, ನಾವು ಅಜ್ಜಿಯಂದಿರೇನ್ರೋ?”

“ಹಾಯ್!” ಎಂದು ಕೂಗಿದ ಮೊಗಾಮಿ, ರೂಢಿಯಿಂದ. ಕೂಗಿದ ಮೇಲೆ ಪ್ರಶ್ನೆ ಅರ್ಥವಾಗಿ ಮುಖ ಕೆಂಪಗಾಯಿತು.

ಒನೊದೆರಾ ನಗಲಿಲ್ಲ. “ಒಂದು ಗಂಟೆ ಆಗ್ಲೇ ಹಾಳಾಯ್ತು. ನಾನು ಮುಂದೆ ಹೋಗ್ತೀನಿ. ಮೊಗಾಮಿ, ನನ್ನ ಹೆಜ್ಜೆ ಮೇಲೇ ಹೆಜ್ಜೆ ಇಡು. ಬಾ.”

ಮೊಗಾಮಿ ಕಾಲೆತ್ತಿದ. ತಮಾಕಿ ಮೂಟೆ ಕೆಳಗಿಳಿಸಿ ಬೆಳಿಗ್ಗೆಯ ಕಲ್ಲನ್ನು ಎಳೆದು ತೆಗೆದು, ಎರಡೂ ಕೈಯಲ್ಲಿ ಎತ್ತಿ ಮಾಸಿದ ಗೆರೆಯ ಮೇಲೆ ಎಸೆದಳು. ಗಟ್ಟಿ ಹಿಮದ ಮೇಲೆ ಬಿದ್ದ ಕಲ್ಲು ‘ಠಪ್’ ಎನ್ನಬೇಕು. ಇದು ‘ಢುಂ’ ಎಂದಿತು, ಖಾಲಿ ಪೀಪಾಯಿಯ ಹಾಗೆ.

“ನಾನು ಕೊಟ್ಟ ಕಲ್ಲು ಎಸೆದ್ಯಾ?” ಎಂದ ಒನೊದೆರಾ. ಅವನಿಗೆ ಕೇಳಿಸಿದ್ದು ಅಷ್ಟೇ.

ಮೊಗಾಮಿ ಎತ್ತಿದ ಕಾಲನ್ನು ಇನ್ನೂ ಇಳಿಸಿರಲಿಲ್ಲ. ಯಾವ ಕಡೆ ಇಳಿಸುವುದೆಂದು ಹೇಳುವವರಿಗಾಗಿ ಕಾಯುತ್ತಿದ್ದ. ಗಾಳಿಯಲ್ಲಿ ತೂಗುತ್ತಿದ್ದ ಆ ಬೂಟನ್ನು ನೋಡಿ ತಮಾಕಿಯೊಳಗೆ ಬೆಳಗಿನಿಂದ, ಅಲ್ಲ, ಹೋದ ಚಳಿಗಾಲದಿಂದ ಮುಚ್ಚಳ ಹಾಕಿಟ್ಟದ್ದೆಲ್ಲ ಉಕ್ಕಿ ಬಂತು. ಮೊಗಾಮಿಯ ಮೂಟೆಗೆ ಕೈಹಾಕಿ ಹಿಂದಕ್ಕೆ ಜಗ್ಗಿದಳು. ಅವನು ಪಾತ್ರೆಯ ಸಮೇತ ಕುಕ್ಕರಿಸಿದ.

“ಸಾಯೋದಿದ್ರೆ ನೀನೊಬ್ನೇ ಹೋಗಿ ಸಾಯೋ!” ಅವಳ ದನಿ ಮಂಜಿನಲ್ಲಿ ಎಲ್ಲೆಲ್ಲೋ ಬಡಿದು ವಾಪಸು ಬಂತು. “ಈ ನಾಲ್ಕು ಜನ ನಿನ್ನ ಹಿಂದೆ ಬರಲ್ಲ. ಸಾಲು ನಿಲ್ಸಿದೀನಿ. ಕೇಳಿಸ್ತಾ? ನಿಲ್ಸಿದೀನಿ!”

ಕ್ಲಬ್ಬಿನಲ್ಲಿ ಸೀನಿಯರನ್ನು ಹೀಗೆ ಏಕವಚನದಲ್ಲಿ ಕರೆದವರನ್ನು ಆ ನಾಲ್ವರು ಕಂಡಿರಲಿಲ್ಲ. ಒನೊದೆರಾ ಅವಳ ಮುಖವನ್ನು ಒಂದು ಕ್ಷಣ ನೋಡಿದ, ತಿರುಗಿದ, ಮಾಸಿದ ಗೆರೆಯ ಮೇಲೆ ನಡೆದ. ಕಲ್ಲು ಬಿದ್ದಲ್ಲಿಗೆ ಬಂದಾಗ ಬೇಕೆಂದೇ ಒಮ್ಮೆ ಕಾಲನ್ನು ಅಪ್ಪಳಿಸಿದ. ಮಂಜಿನೊಳಕ್ಕೆ ಹೋದ.

ಆ ಒಂದು ಕ್ಷಣ ಹಿಮ ಕುಸಿಯಲಿ ಎಂದು ತಮಾಕಿ ಬಯಸಿದಳು. ತನ್ನನ್ನು ಇಂಥ ಬಯಕೆಗೆ ತಂದು ನಿಲ್ಲಿಸಿದನಲ್ಲ ಎಂದು ಅವನ ಮೇಲೆ ಸಿಟ್ಟು ಇಮ್ಮಡಿಯಾಯಿತು.

ಹಿಮ ಕುಸಿಯಲಿಲ್ಲ.

“ಏನಾಯ್ತು?” ಆಚೆಯಿಂದ ದನಿ ಬಂತು. “ಬಿದ್ನಾ? ಏನ್ ತಮಾಕಿ, ಬಿದ್ನಾ ನಾನು?”

ಅವರು ಕಡು ಕೆಂಪು ಗೆರೆ ಹಿಡಿದು ಬಳಸಿಕೊಂಡು ಹತ್ತಿದರು. ಕಡಿದಾದ ಕಡೆ ತಮಾಕಿ ಬೂಟಿನಿಂದ ಒದ್ದು ಒದ್ದು ಮೆಟ್ಟಿಲು ಮಾಡಿಕೊಟ್ಟಳು. ಹಿಮಕ್ಕೆ ಬೀಳಬೇಕಾದ್ದಕ್ಕಿಂತ ಜಾಸ್ತಿಯೇ ಒದೆ ಬಿತ್ತು.

ನೋಟದ ಬಂಡೆ ತಲುಪಿದಾಗ ಮಂಜು ಹರಿದಿತ್ತು, ಒನೊದೆರಾ ಆಗಲೇ ಅಲ್ಲಿ ಬಂದು ಕೂತಿದ್ದ. ಎದುರಿಗೆ ಸಾಲು ಸಾಲು ಬೆಟ್ಟ, ಅದರಾಚೆ ಸಮುದ್ರದ ಒಂದು ಎಳೆ. ಯಾರೂ ಅತ್ತ ನೋಡಲಿಲ್ಲ. ಆರೂ ಜನ ಕೆಳಗೆ, ತಾವು ಬಂದ ಕಣಿವೆಯನ್ನು ನೋಡಿದರು. ಮಾಸಿದ ಗೆರೆ ಹಾದುಹೋದ ಜಾಗ ಹಾಗೇ ಇತ್ತು, ಒಗೆದು ಹರವಿದ ಪಂಚೆಯಂತೆ. ಒಂದು ಬಿರುಕಿಲ್ಲ.

“ಎಷ್ಟು ಚೆನ್ನಾಗಿದೆ ಅಲ್ವಾ,” ಎಂದ ಒನೊದೆರಾ. “ನೋಟ.”

ಬಂಡೆಯ ಮೇಲೇ, ಊಟಕ್ಕೆ ಮುಂಚೆ, ಮರುನೋಟದ ಕೂಟ. ಕ್ಲಬ್ಬಿನಲ್ಲಿ ಅದು ತಪ್ಪದ ಪದ್ಧತಿ. ಎಲ್ಲರೂ ವೃತ್ತವಾಗಿ ನಿಂತು, ಚಿಕ್ಕವರಿಂದ ಶುರುಮಾಡಿ, ಆ ದಿನದ ತಮ್ಮ ತಪ್ಪನ್ನು ತಾವೇ ಹೇಳಬೇಕು. ಹೇಳಿ ತಲೆ ಬಾಗಿಸಬೇಕು. ತಪ್ಪಿಲ್ಲ ಎನ್ನುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

“ನೀರು ಬೇಗ ಖಾಲಿ ಮಾಡಿದೆ,” ಎಂದ ಒಬ್ಬ.

“ನಿಧಾನ ನಡೆದೆ,” ಎಂದ ಇನ್ನೊಬ್ಬ.

“ಅಜ್ಜಿ ವಿಷಯದಲ್ಲಿ ಹಾಯ್ ಅಂದೆ,” ಎಂದ ಮೊಗಾಮಿ, ಪೂರ್ತಿ ಗಂಭೀರವಾಗಿ.

ಯೂಗೆಯ ಸರದಿ ಬಂತು. ಅವಳು ತಮಾಕಿಯನ್ನು ನೋಡಿದಳು, ಒನೊದೆರಾನನ್ನು ನೋಡಿದಳು, ತನ್ನ ಬೂಟು ನೋಡಿಕೊಂಡಳು. “ನಾನು... ಜಾಸ್ತಿ ಮಾತಾಡಿದೆ,” ಎಂದಳು.

“ಹ್ಮ್‌ಹ್. ತಮಾಕಿ.” ಒನೊದೆರಾನ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. ಯಾವುದೋ ಪ್ರಿನ್ಸಿಪಾಲರ ಕೋಣೆಯಲ್ಲಿ ಕೇಳಿ ಕಲಿತ ಮೆದುತನ. “ನೋಡಮ್ಮ, ಮಂಜಲ್ಲಿ ಎಂಥವರಿಗೂ ಗಾಬರಿ ಆಗುತ್ತೆ. ಗಾಬರಿ ಆಯ್ತು ಅನ್ನು, ಸಾಕು. ಬಾಯಿಗೆ ಬಂದಂಗೆ ಅಂದಿದ್ದನ್ನ ನಾನು ಮನಸ್ಸಲ್ಲಿ ಇಟ್ಕೊಳ್ಳಲ್ಲ. ಜಾಗನೂ ನಿಂದೇ. ನಾಲ್ಕೂ ಜನರನ್ನ ಹತ್ತಿಸಿದೀಯ, ಅದನ್ನ ನಾನು ಇಲ್ಲ ಅನ್ನಲ್ಲ.”

ಒಂದು ವಾಕ್ಯ. ಗಾಬರಿ ಆಯ್ತು. ಹೇಳಿ ತಲೆ ಬಾಗಿಸಿದರೆ ಚಳಿಗಾಲವಿಡೀ ಸಾಲಿನ ತಲೆ ಅವಳದ್ದು, ನಿಲ್ಲಿಸುವ ಹಕ್ಕು ಅವಳದ್ದು. ಮುಂದಿನ ನೆಗಿಶಿಯ ಕಾಲ್ಬೆರಳು ಉಳಿದೀತು. ಅಷ್ಟಕ್ಕೆ ಒಂದು ಸುಳ್ಳು ಹೆಚ್ಚೇನಲ್ಲ ಎಂದು ಅವಳ ಬುದ್ಧಿ ಹೇಳಿತು. ಅವಳು ಬಾಯಿಯನ್ನೂ ತೆರೆದಳು. ಎದುರಿಗೆ ಮೊಗಾಮಿ ನಿಂತಿದ್ದ. ಅವಳು ಗಾಬರಿ ಎಂದರೆ ಇವನು ನಂಬುತ್ತಾನೆ. ನಂಬಿ, ಮುಂದಿನ ವರ್ಷ ನೇರ ಗೆರೆಯ ಮೇಲೆ ನಡೆಯುತ್ತಾನೆ.

“ನನ್ನ ತಪ್ಪು,” ಎಂದಳು ತಮಾಕಿ, “ಕೂಗೋಕೆ ಮುಂಚೆ ಮೂರು ಪ್ರಶ್ನೆ ಕೇಳಿದ್ದು. ಮೊದಲೇ ಕೂಗಬೇಕಿತ್ತು.”

ತಲೆ ಬಾಗಿಸಿದಳು. ಪದ್ಧತಿ ಪದ್ಧತಿಯೇ.

ಒನೊದೆರಾನ ಮೆತ್ತಗಿನ ದನಿ ಬಂದಷ್ಟೇ ಬೇಗ ಹೋಯಿತು. “ಹಾಗಾದ್ರೆ ಕೇಳು. ಆ ಜಾಗ ನಿನಗಿಲ್ಲ. ಚಳಿಗಾಲಕ್ಕೆ ನೀನು ಕೆಳಗೆ ಡೇರೆ ಕಾಯ್ಕೊಂಡಿರು. ಇಳಿಯುವಾಗ ನಾನೇ ಮುಂದೆ. ನೇರ ಗೆರೆ ಮೇಲೇ ಇಳಿಸಿ ತೋರಿಸ್ತೀನಿ ಇವರಿಗೆ, ಗಾಬರಿ ಅಂದ್ರೆ ಏನು ಅಂತ.”

“ಇಳಿಯೋವಾಗ ನಾನೇ ಮುಂದೆ,” ಎಂದಳು ತಮಾಕಿ.

“ಏನಂದೆ?”

“ಬೆಳಿಗ್ಗೆ ಕಟ್ಟಿದ ಸಾಲನ್ನ ಡೇರೆ ಮುಟ್ಟೋವರೆಗೂ ಬದಲಾಯಿಸೋ ಹಾಗಿಲ್ಲ. ಈ ನಿಯಮ ನಿಮ್ಮ ಅಜ್ಜನ ಕಾಲದ್ದು, ನೀವು ಮಾಡಿದ್ದಲ್ಲ. ಡೇರೆ ಹತ್ರ ಹೋದ್ಮೇಲೆ ನನ್ನ ತೆಗೆದುಹಾಕಿ. ಅಲ್ಲಿವರೆಗೂ ಮುಂದೆ ನಾನು, ಹಿಂದೆ ನೀವು.”

ಒನೊದೆರಾ ಬಾಯಿ ತೆರೆದ. ನಿಯಮ ಹೇಳಿಯೇ ಬದುಕಿದವನು ಅವನು. ಗಂಟಲು ಮಾತ್ರ ಸರಿಮಾಡಿಕೊಂಡ.

ಮಧ್ಯಾಹ್ನದ ಬಿಸಿಲಿಗೆ ಹಿಮ ಮೆದುವಾಗಿತ್ತು, ಇಳಿಯುವುದು ಹತ್ತಿದ್ದಕ್ಕಿಂತ ಕಷ್ಟ. ಗೆರೆ ಕವಲಾಗುವಲ್ಲಿ ತಮಾಕಿ ನಿಲ್ಲಲಿಲ್ಲ, ಕಡು ಕೆಂಪಿನ ಕಡೆ ಹೊರಳಿದಳು. ಹಿಂದಿನಿಂದ ಯೂಗೆಯ ಹೆಜ್ಜೆ ಹೊರಳಿತು, ಮೊಗಾಮಿಯ ಪಾತ್ರೆ ಹೊರಳಿತು, ಉಳಿದಿಬ್ಬರು ಹೊರಳಿದರು. ಕೊನೆಯ ಹೆಜ್ಜೆ ಕೊಂಚ ಹೊತ್ತು ನಿಂತಿತ್ತು. ಆಮೇಲೆ ಅದೂ ಇತ್ತಲೇ ಬಂತು.

“ಹ್ಮ್‌ಹ್,” ಎಂದಿತು ಆ ಕೊನೆ. “ಒಂದನೇ ವರ್ಷದವರೇ, ಇಲ್ಲಿ ಕೇಳಿಸ್ಕೊಳ್ಳಿ. ಗೆರೆ ಎರಡಿದ್ರೆ ಬಣ್ಣ ನೋಡಬೇಕು. ಮಾಸಿದ್ದು ಹಳೇದು, ಅದರ ಕೆಳಗೆ ಟೊಳ್ಳಾಗಿರಬಹುದು. ಬೆಳಿಗ್ಗೆ ಗಟ್ಟಿ ಇದ್ದಿದ್ದು ಮಧ್ಯಾಹ್ನ ಗಟ್ಟಿ ಇರಲ್ಲ. ನೆನಪಿಟ್ಕೊಳ್ಳಿ, ಇದನ್ನ ಯಾರೂ ಹೇಳ್ಕೊಡಲ್ಲ.”

“ಹಾಯ್!” ಎಂದು ನಾಲ್ವರೂ ಕೂಗಿದರು.

ತಮಾಕಿಯ ಕಿವಿಯ ತುದಿಯವರೆಗೂ ರಕ್ತ ಏರಿತು. ತನ್ನ ಬಾಯಿಂದ ಕಸಿದದ್ದನ್ನು ತನ್ನ ಬೆನ್ನ ಹಿಂದೆಯೇ ಬಡಿಸುತ್ತಿದ್ದಾನೆ, ಅದೂ ನಾಚಿಕೆಯಿಲ್ಲದೆ, ಅದೂ ಅವಳು ಒದ್ದು ಮಾಡಿದ ಮೆಟ್ಟಿಲುಗಳ ಮೇಲೆ ನಿಂತು. ಹೋಗಲಿ ಬಿಡು, ಹುಡುಗರು ಕಲಿತರಲ್ಲ ಎನ್ನುವಷ್ಟು ದೊಡ್ಡ ಮನಸ್ಸು ಅವಳಿಗಿರಲಿಲ್ಲ, ಇರಬೇಕೆಂದೂ ಅನ್ನಿಸಲಿಲ್ಲ.

“ಸಾಲಲ್ಲಿ ಮಾತು ಬೇಡ,” ಎಂದಳು ತಿರುಗಿ ನೋಡದೆ. “ಜಾರುತ್ತೆ. ಬಾಯಿ ಮುಚ್ಕೊಂಡು ಕಾಲು ನೋಡ್ಕೊಂಡು ಬನ್ನಿ. ಎಲ್ಲರೂ.”

ಎಲ್ಲರೂ ಎಂಬುದು ಸಾಲಿನ ಕೊನೆಯವರೆಗೂ ಹೋಗಿ ಮುಟ್ಟಿತು. ಆಮೇಲೆ ಉಕ್ಕಿನ ಹಲ್ಲುಗಳ ಸದ್ದೊಂದೇ.

ಕಣಿವೆ ತಿರುಗಿದಲ್ಲಿ ಹಿಮ ಮುಗಿದು ಹುಲ್ಲು ಶುರುವಾಗುತ್ತದೆ. ಅಲ್ಲಿಂದ ಅವರ ಎರಡು ಹಳದಿ ಡೇರೆಗಳು ಕಾಣಿಸಿದವು. ಹುಡುಗರ ಹೆಜ್ಜೆ ತಾನಾಗಿಯೇ ಚುರುಕಾಗಿ ಹಿಂದಿನಿಂದ ಒತ್ತಿಕೊಂಡು ಬಂತು. ಡೇರೆ ಮುಟ್ಟುವವರೆಗೂ ಸಾಲಿನ ತಲೆ ಅವಳದ್ದು. ತಮಾಕಿ ಮಾತ್ರ ನಡಿಗೆಯನ್ನು ಇನ್ನೂ ನಿಧಾನ ಮಾಡಿದಳು.