ಕಲ್ಯಾಣಪ್ಪನ ಮನೆಗಾಡಿ ಮತ್ತು ದಪ್ಪ ತಂತಿ

ಫ್ಯೂಜ್ ಹೋದರೆ ನಾವು ಏನು ಮಾಡುತ್ತೇವೆ? ಕೈಗೆ ಸಿಕ್ಕ ದಪ್ಪ ತಂತಿ ಸುತ್ತಿ ಸುಮ್ಮನಾಗುತ್ತೇವೆ. ಸುತ್ತದವರು ನಮ್ಮ ಕಡೆ ಎಷ್ಟು ಮಂದಿ ಇದ್ದೀರಿ, ಕೈ ಎತ್ತಿ. ಸೇಡಂನ ಕಲ್ಯಾಣಪ್ಪನೂ ಅದನ್ನೇ ಮಾಡಿದ. ಮನೆಯಲ್ಲಲ್ಲ, ಗಾಡಿಯಲ್ಲಿ.

ಆ ಗಾಡಿಯನ್ನು ಮಾತ್ರ ಮೆಚ್ಚಲೇಬೇಕು. ಹಳೆಯ ಟೆಂಪೋ ಟ್ರಾವೆಲರ್ ಕೊಂಡು ಒಳಗೆ ಮನೆಯನ್ನೇ ಕಟ್ಟಿದ್ದ. ಮಂಚ, ಸಣ್ಣ ಫ್ರಿಜ್, ಎ.ಸಿ., ಕರೆಂಟ್ ಒಲೆ, ಎಲ್ಲ ಇತ್ತು. ಹೆಂಡತಿ ಸೂಗಮ್ಮನಿಗೆ ಸಕ್ಕರೆ ಕಾಯಿಲೆ. ಅವಳ ಇನ್ಸುಲಿನ್ ತಂಪಿನಲ್ಲೇ ಇರಬೇಕೆಂದು ಅವಳು ಎಷ್ಟೋ ವರ್ಷ ಊರು ಬಿಟ್ಟಿರಲಿಲ್ಲ. ಗಾಡಿ ಮಾಡಿಸಿದ್ದೇ ಅವಳಿಗಾಗಿ.

ಮೊದಲ ಪ್ರಯಾಣ ಸನ್ನತಿಗೆ. ಚಂದ್ರಲಾಂಬೆಯ ದರ್ಶನ ಮುಗಿಸಿ, ಗೆಳೆಯ ಧರ್ಮಣ್ಣನ ಅಂಗಳದಲ್ಲಿ ಗಾಡಿ ನಿಲ್ಲಿಸಿದರು. ಅವನ ಪಡಸಾಲೆಯ ಸಣ್ಣ ಪ್ಲಗ್ಗಿನಿಂದ ವಾಯರ್ ಎಳೆದು ಕರೆಂಟ್ ತಗೊಂಡರು. ಹೆಚ್ಚಾದ ವಾಯರನ್ನು ಸುರುಳಿ ಸುತ್ತಿ ಸೂಗಮ್ಮನ ಮಂಚದ ಕೆಳಗೆ ತುರುಕಿದರು.

ಗಾಡಿ ನೋಡಲು ಊರಿಗೆ ಊರೇ ಬಂತು. ಬಂದವರನ್ನು ಚಹಾ ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಒಲೆ ಆರಲಿಲ್ಲ, ಎ.ಸಿ. ನಿಲ್ಲಲಿಲ್ಲ. ಕಡೆಗೆ ಗಾಡಿಯ ಫ್ಯೂಜ್ ಹೋಯಿತು. ಫ್ರಿಜ್ ನಿಂತಿತು. ಔಷಧ ಕೆಡುತ್ತದೆಂಬ ಗಾಬರಿಯಲ್ಲಿ ಕಲ್ಯಾಣಪ್ಪ ದಪ್ಪ ತಂತಿ ಸುತ್ತಿದ. ಎಲ್ಲವೂ ಮತ್ತೆ ಓಡತೊಡಗಿತು. ಸೂಗಮ್ಮ ಮಂಚದ ಮೇಲೆ ಅಡ್ಡಾದಳು.

ಆಗ ಧರ್ಮಣ್ಣನ ಮಗಳು ಲುಂಬಿನಿ ಬಂದಳು. ಅವಳು ಶಹಾಬಾದಿನ ಐ.ಟಿ.ಐ.ನಲ್ಲಿ ವಿದ್ಯುತ್ ಕೆಲಸ ಕಲಿಸುವ ಟೀಚರ್. ಗಾಡಿ ಹತ್ತಿದವಳೇ ಸುಟ್ಟ ವಾಸನೆಗೆ ಮೂಗು ಅರಳಿಸಿದಳು. ತಕ್ಷಣ ಇಳಿದು ಹೋಗಿ ಪಡಸಾಲೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತಳು.

ಕಲ್ಯಾಣಪ್ಪ ಸಿಟ್ಟಾದ. "ಚಾಲೂ ಮಾಡವ್ವ. ನಿಮ್ಮ ಕಾಕಿ ಔಷಧ ಕೆಡ್ತದ."

"ಔಷಧ ನಮ್ಮ ಮನಿ ಫ್ರಿಜ್ಜಿನಾಗ ಇಡ್ತೀನ್ರಿ ಕಾಕಾ. ಮೊದಲ ಕಾಕೀನ ಕೆಳಗ ಇಳಸ್ರಿ."

ಮಂಚದ ಕೆಳಗಿನ ಸುರುಳಿ ಎಳೆದರೆ ವಾಯರ್ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಮೇಲಿದ್ದ ಚಾದರದ ಅಂಚು ಕಂದಿತ್ತು. ಮುಟ್ಟಿದ ಕಲ್ಯಾಣಪ್ಪ ಕೈ ಹಿಂದೆಳೆದುಕೊಂಡ.

ಸೂಗಮ್ಮ ಗಂಡನನ್ನೇ ನೋಡಿದಳು. "‘ನಿನ್ನ ತಂಪಿನಾಗ ಇಡ್ತೀನಿ’ ಅಂತ ಕರ್ಕೊಂಡು ಬಂದು, ನನ್ನ ಬುಡಕ್ಕ ಒಲಿ ಹಚ್ಚೀರಲ್ರಿ."

ಆದರೂ ಅವನ ಅನುಮಾನ ಹೋಗಲಿಲ್ಲ. "ಮನ್ಯಾಗ ಎಲ್ಲಾ ಕೂಡೇ ನಡೀತಾವ. ಗಾಡ್ಯಾಗ ಯಾಕ ನಡ್ಯಂಗಿಲ್ಲ?"

"ಮನ್ಯಾಗ ಬ್ಯಾರೆ ಬ್ಯಾರೆ ವಾಯರ್ ಇರ್ತಾವ. ಇಲ್ಲಿ ಎಲ್ಲಾ ಭಾರ ಇದೊಂದರ ಮ್ಯಾಲೇ ಬಿತ್ತು. ‘ಸಾಕು’ ಅಂತ ಫ್ಯೂಜ್ ಹೇಳ್ತು ಕಾಕಾ. ನೀವು ಅದರ ಬಾಯಿ ಕಟ್ಟಿದ್ರಿ."

ಎಂಥ ಹುಡುಗಿ ನೋಡಿ. ಬೈಯಲಿಲ್ಲ, ದೊಡ್ಡಸ್ತಿಕೆ ತೋರಿಸಲಿಲ್ಲ. ಪ್ರತಿ ಯಂತ್ರದ ಮೇಲೆ ಬರೆದ ವ್ಯಾಟನ್ನು ಕಲ್ಯಾಣಪ್ಪನಿಂದಲೇ ಓದಿಸಿದಳು. ಫ್ರಿಜ್ ನೂರು. ಎ.ಸಿ. ಸಾವಿರ. ಒಲೆ ಕಡಿಮೆ ಉರಿಯಲ್ಲಿ ಸಾವಿರ, ಜೋರು ಮಾಡಿದರೆ ಎರಡು ಸಾವಿರ. ಆ ಸಣ್ಣ ಪ್ಲಗ್ ತಡೆಯುವುದು ಹೆಚ್ಚೆಂದರೆ ಸಾವಿರದ ಮುನ್ನೂರು. ಹಾಗಾಗಿ ಫ್ರಿಜ್ ಸದಾ ಇರಲಿ. ಅದರ ಜೊತೆ ಎ.ಸಿ. ಇಲ್ಲವೇ ಕಡಿಮೆ ಉರಿಯ ಒಲೆ, ಎರಡೂ ಕೂಡಿ ಬೇಡ ಎಂದಳು. ಸುಟ್ಟ ವಾಯರನ್ನು ಎಸೆದು, ಚಿತ್ತಾಪುರದಿಂದ ದಪ್ಪ ವಾಯರ್ ತರಿಸಿ, ಸುರುಳಿಯಲ್ಲಿ ಬಿಸಿ ಕೂಡುತ್ತದೆಂದು ಪೂರ್ತಿ ಬಿಚ್ಚಿ ಹಾಸಿದಳು. ಫ್ಯೂಜಿಗೆ ಸುತ್ತಿದ್ದ ದಪ್ಪ ತಂತಿ ತೆಗೆದು ಸರಿಯಾದ ಫ್ಯೂಜ್ ಹಾಕಿದಳು.

ಸಂಜೆ ಮತ್ತೆ ಮಂದಿ ಬಂದರು. ಕಲ್ಯಾಣಪ್ಪ ತಾನೇ ಎ.ಸಿ. ಆರಿಸಿ ಒಲೆ ಹಚ್ಚಿದ.

"ಕುಂದ್ರಿ. ಚಾ ಆಗೂತನ ಜರಾ ಸೆಕಿ ತಡಕೋರಿ. ಅಕಿ ಔಷಧ ಮತ್ತ ಈ ಫ್ರಿಜ್ಜಿನಾಗ ಅದ."

ಸೂಗಮ್ಮ ಬೀಸಣಿಗೆ ಹಿಡಿದು ಅದೇ ಮಂಚದ ಮೇಲೆ ಕೂತು, ನಾಳೆ ಚಂದ್ರಂಪಳ್ಳಿ ಕೆರೆಗೆ ಹೋಗೋಣವೇ ಎಂದು ಕೇಳಿದಳು.

ನೀವು ಗಾಡಿಯಲ್ಲಿರಿ, ಹೊಲದ ಶೆಡ್ಡಿನಲ್ಲಿರಿ, ಬಾಡಿಗೆ ಕೋಣೆಯಲ್ಲಿರಿ. ಒಂದೇ ಪ್ಲಗ್ಗಿಗೆ ಎಲ್ಲವನ್ನೂ ಸಿಕ್ಕಿಸುವ ಮೊದಲು ವ್ಯಾಟ್ ಓದಿ, ಕೂಡಿಸಿ. ಫ್ಯೂಜ್ ಹೋದರೆ ಒಂದು ಯಂತ್ರ ಬಂದ್ ಮಾಡಿ, ಸರಿಯಾದ ಫ್ಯೂಜನ್ನೇ ಹಾಕಿಸಿ. ದಪ್ಪ ತಂತಿ ಸುತ್ತಬೇಡಿ. ಆ ವಾಯರಿನ ಮೇಲೆ ನಿಮ್ಮವರೇ ಮಲಗಿರುತ್ತಾರೆ.