ಪೆಪ್ಪರ್‌ಗೆ ಯಾವ ಹಣ್ಣು?

ಮಿಲ್ಡುರಾ ಎಂಬ ಊರಿನಲ್ಲಿ ಹಿತ್ತಲಲ್ಲಿ ಕಿತ್ತಳೆ ಮರ ಇಲ್ಲದ ಮನೆ ಕಡಿಮೆ. ಕಾಲ ಬಂತೆಂದರೆ ತಿನ್ನುವವರಿಗಿಂತ ಹಣ್ಣೇ ಜಾಸ್ತಿ. ಉಳಿದದ್ದು ಸಾಕುಪ್ರಾಣಿಗಳ ಪಾಲು.

ಮರ್ವ್ ಪೆಚೆಲ್ ಕೂಡ ಹಾಗೇ ಮಾಡುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರು ಮಗಳು ಲೋರ್ನಾಳ ಮನೆಗೆ ಬಂದಿದ್ದರು. ಲೋರ್ನಾ ಒಂದು ಗಡ್ಡದ ಓತಿಕ್ಯಾತವನ್ನು ಸಾಕಿದ್ದಳು. ಹೆಸರು ಪೆಪ್ಪರ್. ಸಿಟ್ಟು ಬಂದರೆ ಗಂಟಲು ಉಬ್ಬಿಸಿ ಕಪ್ಪು ಗಡ್ಡ ತೋರಿಸುವ ಪ್ರಾಣಿ. ಮಗಳು ಕೆಲಸಕ್ಕೆ ಹೋದರೆ ಮುದುಕರಿಗೆ ಅದೇ ಜೊತೆ. ದಿನವೂ ಅದಕ್ಕೆ ಕಿತ್ತಳೆ ತೊಳೆ, ದ್ರಾಕ್ಷಿ ಕೊಡುತ್ತಿದ್ದರು. ಸಿಹಿ ರುಚಿ ಹತ್ತಿದ ಪೆಪ್ಪರ್ ಸೊಪ್ಪು ಮುಟ್ಟುವುದನ್ನೇ ಬಿಟ್ಟಿತು. ಆಮೇಲೆ ಭೇದಿ ಶುರುವಾಯಿತು. ಒಂದು ಶನಿವಾರ ಕಣ್ಣು ಮುಚ್ಚಿ ಬಿದ್ದುಕೊಂಡಿತು.

ಲೋರ್ನಾ ಗಾಬರಿಯಿಂದ ಪಕ್ಕದ ಮನೆಯ ಐತೆನ್‌ಳನ್ನು ಕರೆತಂದಳು. ಗಾಯಗೊಂಡ ಕಾಡು ಓತಿಗಳನ್ನು ತಂದು ಆರೈಕೆ ಮಾಡುವವಳು ಆಕೆ. ಅಷ್ಟರಲ್ಲಿ ಮರ್ವ್ ಬಟ್ಟಲಲ್ಲಿ ಏನೋ ಕಿವುಚುತ್ತಿದ್ದರು.

"ಏನದು ಮರ್ವ್?" ಎಂದಳು ಐತೆನ್.

"ಬೆಣ್ಣೆಹಣ್ಣು. ಮೆತ್ತಗಿದೆ, ಶಕ್ತಿ ಬರುತ್ತೆ. ನಂಗೂ ಬೆಳಿಗ್ಗೆ ಬ್ರೆಡ್ಡಿಗೆ ಅದೇ."

"ಅಯ್ಯೋ, ಬೇಡ! ನಿಮಗೆ ಶಕ್ತಿ, ಇದಕ್ಕೆ ವಿಷ. ಒಂದು ಚೂರೂ ಕೊಡಬೇಡಿ."

"ಹೋಗಮ್ಮಾ! ಕಾಡಲ್ಲಿ ಇದಕ್ಕೆ ಯಾರು ಆರಿಸಿ ಕೊಡ್ತಾರೆ?"

"ಈ ಒಣ ಕಾಡಲ್ಲಿ ಬೆಣ್ಣೆಹಣ್ಣಿನ ಮರ ಎಲ್ಲಿದೆ, ತೋರ್ಸಿ ನೋಡೋಣ? ಕಿತ್ತಳೆ ಎಲ್ಲಿದೆ? ಅಲ್ಲಿ ಸಿಗೋದು ಹುಳ, ಸೊಪ್ಪು, ಹೂವು. ಕಿತ್ತಳೆ ಹುಳಿಗೆ ಇದರ ಹೊಟ್ಟೆ ಕೆಟ್ಟಿರಬೇಕು."

"ನನ್ನ ಕಿತ್ತಳೆ ತಿಂದು ಈ ಊರಲ್ಲಿ ಯಾರಿಗೂ ಏನೂ ಆಗಿಲ್ಲ!"

"ಊರಲ್ಲಿ ಯಾರಿಗೂ ಬಾಲ ಇಲ್ವಲ್ಲಪ್ಪಾ," ಎಂದಳು ಲೋರ್ನಾ.

ಮೂವರೂ ಪ್ರಾಣಿವೈದ್ಯರಲ್ಲಿಗೆ ಹೋದರು. ಭೇದಿಯಿಂದ ಮೈಯಲ್ಲಿ ನೀರೇ ಇಲ್ಲವಾಗಿದೆ, ಬದುಕುತ್ತದೆಯೋ ಹೇಳಲಾಗದು ಎಂದರು ವೈದ್ಯರು. ಪೆಪ್ಪರ್ ಅಲ್ಲೇ ಉಳಿಯಿತು. ಮರ್ವ್ ಕಾರಿನಲ್ಲಿ ಟೋಪಿ ತೆಗೆದು ಕುಳಿತರು.

"ನಾನೇನು ಸಾಯಲಿ ಅಂತ ಕೊಟ್ನಾ? ಅದು ನನ್ನ ಕೈಯಿಂದ ತಿಂತಿತ್ತು. ಇಡೀ ದಿನ ನನ್ನ ದಾರಿ ನೋಡೋದು ಅದೊಂದೇ."

ಲೋರ್ನಾ ಅಪ್ಪನ ಭುಜದ ಮೇಲೆ ಕೈಯಿಟ್ಟಳು.

"ಇನ್ಮೇಲೂ ಕೈಯಿಂದಲೇ ಕೊಡಿ," ಎಂದಳು ಐತೆನ್. "ಕೊಡೋದನ್ನ ಬದಲಾಯಿಸಿ, ಅಷ್ಟೇ. ದಿನಾ ಸೊಪ್ಪು, ಹುಳ. ಹಣ್ಣು ವಾರಕ್ಕೊಂದು ಸಲ, ಬಾಯಿರುಚಿಗೆ. ಪರಂಗಿ, ಮಾವು, ಅಂಜೂರ ಆಗುತ್ತೆ. ಸೇಬು ಕೊಟ್ರೆ ಬೀಜ ತೆಗೀರಿ. ಚೂರು ಅದರ ಎರಡು ಕಣ್ಣಿನ ನಡುವಿನ ಜಾಗಕ್ಕಿಂತ ದೊಡ್ಡದಿರಬಾರದು."

"ದ್ರಾಕ್ಷಿ?"

"ಅಪರೂಪಕ್ಕೆ. ಅದೂ ಹೆಚ್ಚಿ."

ಕೆಲವು ದಿನಗಳ ಮೇಲೆ ಪೆಪ್ಪರ್ ಚೇತರಿಸಿಕೊಂಡು ಮನೆಗೆ ಬಂತು, ಆದರೆ ಸೊಪ್ಪು ಕಂಡರೆ ಮುಖ ತಿರುಗಿಸುತ್ತಿತ್ತು. ಮರ್ವ್ ಹಟ ಬಿಡದೆ ದಿನವೂ ಎಲೆ ಹಿಡಿದು ಅದರೆದುರು ಕೂತರು. ಒಂದು ಮಧ್ಯಾಹ್ನ ಲೋರ್ನಾಳ ಆಫೀಸಿಗೆ ಫೋನ್ ಬಂತು. "ತಿಂತು ಮಗಳೇ! ಇಡೀ ಎಲೆ ತಿಂತು!"

ಓತಿಕ್ಯಾತ ಸಾಕಿದವರೇ, ನಿಮಗೆ ಒಗ್ಗಿದ ಹಣ್ಣು ಅದಕ್ಕೂ ಒಗ್ಗುತ್ತದೆ ಎಂದುಕೊಳ್ಳಬೇಡಿ. ಬೆಣ್ಣೆಹಣ್ಣು ಎಂದಿಗೂ ಬೇಡ, ಕಿತ್ತಳೆ ನಿಂಬೆಯೂ ಬೇಡ. ಅನುಮಾನವಿದ್ದರೆ ಕೊಡುವ ಮೊದಲು ಬಲ್ಲವರನ್ನು ಕೇಳಿ. ಅದು ನಿಮ್ಮ ಕೈ ನಂಬಿ ಬಾಯಿ ತೆರೆಯುತ್ತದೆ.